ವಿಷಯ ನಿರ್ವಹಣಾ ವ್ಯವಸ್ಥೆ

ವಿಷಯ ನಿರ್ವಹಣಾ ವ್ಯವಸ್ಥೆ ಅಥವಾ ಸಿಎಂಎಸ್ ಎಂಬುದು ಜಾಲತಾಣದ ಬರಹ, ಚಿತ್ರ ಮೊದಲಾದ ವಿಷಯವನ್ನು ವಿನ್ಯಾಸದಿಂದ ಬೇರ್ಪಡಿಸಿ, ಸಂಗ್ರಹಿಸಿ, ಪ್ರಕಟಿಸುವ ತಂತ್ರಾಂಶ. ಡ್ರೂಪಲ್ (2001), ವರ್ಡ್‌ಪ್ರೆಸ್ (2003) ಮತ್ತು ಜೂಮ್ಲಾ (2005) ಇದರ ಪ್ರಮುಖ ಉದಾಹರಣೆಗಳು.

ಪುಟದ ಪರಿಕಲ್ಪನೆ

ಎಚ್‌ಟಿಎಂಎಲ್ ಕಡತಗಳಲ್ಲಿ ಕೆಲಸ ಮಾಡಿದ ವಿನ್ಯಾಸಕಾರರಿಗೆ ಒಂದು ಪುಟವೆಂದರೆ ಒಂದು ಕಡತ. ಈ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಅಂತಹ ಕಡತ ಇರುವುದಿಲ್ಲ. ಓದುಗರು ಕೋರಿದಾಗ ದತ್ತಸಂಚಯದಲ್ಲಿರುವ ವಿಷಯವನ್ನು ಟೆಂಪ್ಲೇಟ್‌ಗೆ ತುಂಬಿ ಪುಟವನ್ನು ರಚಿಸಲಾಗುತ್ತದೆ.

ಡ್ರೂಪಲ್‌ನ ಮುಖ್ಯ ಪದಗಳು

• ನೋಡ್: ಲೇಖನದಂತಹ, ವಿಷಯದ ಒಂದು ಘಟಕ.
• ಟ್ಯಾಕ್ಸಾನಮಿ: ವಿಷಯವನ್ನು ವರ್ಗೀಕರಿಸುವ ಪದಗಳ ವ್ಯವಸ್ಥೆ. ಒಂದು ಪದದ ಅಡಿಯಲ್ಲಿ ಇನ್ನೊಂದು ಪದವನ್ನು ಇರಿಸಬಹುದು.
• ಥೀಮ್: ತಾಣದ ಹೊರರೂಪವನ್ನು ನಿರ್ಧರಿಸುವ ಕಡತಗಳ ಗುಂಪು.

ಉದಾಹರಣೆ

ಕನಕಪುರ ತಾಲ್ಲೂಕಿನ ಗ್ರಾಮಗಳನ್ನು ಪರಿಚಯಿಸುವ ತಾಣವೊಂದನ್ನು ಊಹಿಸಿಕೊಳ್ಳಬಹುದು. ಅದರಲ್ಲಿ ಕಬ್ಬಾಳಮ್ಮ ದೇವಾಲಯವಿರುವ ಕಬ್ಬಾಳು ಒಂದು ನೋಡ್. ಕನಕಪುರ ಮತ್ತು ಅದರ ಮೇಲಿನ ಜಿಲ್ಲೆ ಟ್ಯಾಕ್ಸಾನಮಿಯ ಪದಗಳು. ಈ ತಾಲ್ಲೂಕು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ನೂತನ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ರಾಜ್ಯ ಸರ್ಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಮೊದಲ ಬದಲಾವಣೆಗೆ ಕನಕಪುರ ಎಂಬ ಪದವನ್ನು ಹೊಸ ಜಿಲ್ಲೆಯ ಅಡಿಗೆ ಸರಿಸಬೇಕು. ಎರಡನೆಯದಕ್ಕೆ ಜಿಲ್ಲೆಯ ಪದವೊಂದನ್ನೇ ತಿದ್ದಿದರೆ ಸಾಕು. ಆ ಪದವನ್ನು ತೋರಿಸುವ ಎಲ್ಲ ಗ್ರಾಮಗಳ ಪುಟಗಳೂ ಬದಲಾಗುತ್ತವೆ. ಜಿಲ್ಲೆಯ ಹೆಸರನ್ನು ಲೇಖನದ ಪಠ್ಯದಲ್ಲಿಯೇ ಬರೆದಿದ್ದರೆ ಪ್ರತಿಯೊಂದು ಪುಟವನ್ನೂ ತಿದ್ದಬೇಕಾಗುತ್ತದೆ. ಆದ್ದರಿಂದ ಬಣ್ಣ ಮತ್ತು ಅಕ್ಷರಶೈಲಿಯನ್ನು ಆರಿಸುವ ಮೊದಲು, ಯಾವ ಮಾಹಿತಿಯನ್ನು ಎಲ್ಲಿ ಸಂಗ್ರಹಿಸಬೇಕು ಎಂಬುದನ್ನು ವಿನ್ಯಾಸಕಾರರು ನಿರ್ಧರಿಸಬೇಕಾಗುತ್ತದೆ.