ಕನ್ನಡಿ ಕೊಟ್ಟ ಕಾಟ

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಗುಂಡಿ ಒತ್ತಿದವರಿಗೆ ಗೊತ್ತು, ಅದು ‘ಕ್ಲಿಕ್’ ಎನ್ನುವುದಿಲ್ಲ; ‘ಟಪಕ್’ ಎನ್ನುತ್ತದೆ. ಒಳಗಿನ ಕನ್ನಡಿ ಮೇಲಕ್ಕೆ ಹಾರಿ ಮತ್ತೆ ಕೆಳಗೆ ಬೀಳುವ ಸದ್ದದು. ಲೆನ್ಸಿನಿಂದ ಬಂದ ಬೆಳಕನ್ನು ಈ ಕನ್ನಡಿ ಮೇಲಿನ ಮಸುಕುಗಾಜಿನತ್ತ ತಿರುಗಿಸುತ್ತದೆ. ಫಿಲ್ಮಿಗೆ ಕಾಣುವುದೇ ನಮಗೂ ಕಾಣುತ್ತದೆ. ಉಪಾಯ ಸೊಗಸಾದದ್ದೇ. ಆದರೆ 1936ರಲ್ಲಿ ಜರ್ಮನಿಯ ಡ್ರೆಸ್ಡನ್‌ನಿಂದ ಬಂದ ಕಿನೆ ಎಕ್ಸಾಕ್ಟಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಬೇಕಿತ್ತು. ಮಗು ಬಲಕ್ಕೆ ಓಡಿದರೆ ಗಾಜಿನಲ್ಲಿ ಎಡಕ್ಕೆ ಓಡುತ್ತಿತ್ತು! ಗುಂಡಿ ಒತ್ತಿದ ಮೇಲೆ ಕನ್ನಡಿ ಮೇಲೇ ಉಳಿದು ಕತ್ತಲೆ. ಫಿಲ್ಮ್ ಸುತ್ತಿದರಷ್ಟೇ ಮತ್ತೆ ನೋಟ.

ಈ ಕಾಟಗಳೆಲ್ಲ ನೀಗಿದ್ದು 1949ರಿಂದ 1959ರ ನಡುವೆ.

ಎಡಬಲದ ಗೊಂದಲಕ್ಕೆ ಮದ್ದು ಲೆಕ್ಕದಲ್ಲಿದೆ. ಬೆಳಕು ಒಮ್ಮೆ ಪ್ರತಿಫಲಿಸಿದರೆ ಎಡಬಲ ತಿರುವುಮುರುವು, ಎರಡು ಸಲವಾದರೆ ಸರಿ. ಸಮಸಂಖ್ಯೆ ಬೇಕು, ಅಷ್ಟೇ. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದ ನೆತ್ತಿಯ ಮೇಲೆ ಕೂತ ‘ಪೆಂಟಾಪ್ರಿಸಮ್’ ಎಂಬ ಗಾಜಿನ ಗಟ್ಟಿಯೊಳಗೆ ಬೆಳಕು ಮೂರು ಸಲ ಪುಟಿಯುತ್ತದೆ. ಕೆಳಗಿನ ಕನ್ನಡಿಯದೂ ಸೇರಿ ನಾಲ್ಕು. ಕ್ಯಾಮೆರಾ ಹೊಟ್ಟೆಯಿಂದ ಕಣ್ಣಿಗೇರಿತು.

ಕತ್ತಲೆಗೆ ಉತ್ತರ ಜಪಾನಿನಿಂದ. 1954ರ ಅಸಾಹಿಫ್ಲೆಕ್ಸ್‌ನಲ್ಲಿ ಕನ್ನಡಿ ರೆಪ್ಪೆಯಂತೆ ತಾನಾಗಿಯೇ ಮರಳಿತು. ಹಂಗೇರಿಯ ಡುಲೋವಿಟ್ಸ್ ತಮ್ಮ ಡುಫ್ಲೆಕ್ಸ್‌ನಲ್ಲಿ ಇದನ್ನು ಮೊದಲೇ ಸಾಧಿಸಿದ್ದರು, ಆದರೆ ಆ ಕ್ಯಾಮೆರಾ ಹೆಚ್ಚು ಕೈಗಳಿಗೆ ತಲುಪಲಿಲ್ಲ. 1957ರ ಅಸಾಹಿ ಪೆಂಟಾಕ್ಸ್ ಪ್ರಿಸಮ್ಮನ್ನೂ ಮರಳುವ ಕನ್ನಡಿಯನ್ನೂ ಒಂದೇ ಮೈಯಲ್ಲಿ ಕೂಡಿಸಿತು.

ನನ್ನ ಮಟ್ಟಿಗೆ ನಿಜವಾದ ಜಾಣತನ ಕಾಣುವುದು ಲೆನ್ಸಿನಲ್ಲಿ. ಕನ್ನಡಿಯಿಲ್ಲದ ಲೈಕಾ ಎಂ3ಯಲ್ಲಿ ಲೆನ್ಸ್ ಕೂರುವ ಉಂಗುರದಿಂದ ಫಿಲ್ಮಿಗೆ ಇರುವ ದೂರ 27.8 ಮಿ.ಮೀ. ನಿಕಾನ್ ಎಫ್‌ನಲ್ಲಿ ಅದು 46.5 ಮಿ.ಮೀ. ಕನ್ನಡಿ ಏಳಲು ಜಾಗ ಬೇಕಲ್ಲ! ದೂರದೃಶ್ಯದ ಉದ್ದ ಲೆನ್ಸುಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಇಡೀ ಮದುವೆ ಮಂಟಪವನ್ನು ಒಂದೇ ಚೌಕಟ್ಟಿಗೆ ತುಂಬಿಸುವ 28 ಮಿ.ಮೀ. ವೈಡ್ ಲೆನ್ಸ್ ಸಹಜವಾಗಿ ಫಿಲ್ಮಿಗೆ ಅಷ್ಟೇ ಹತ್ತಿರ ಇರಬೇಕು. ಅಂದರೆ, ಕನ್ನಡಿ ಬೀಸುವ ದಾರಿಯಲ್ಲೇ.

ಫ್ರಾನ್ಸಿನ ಪಿಯೆರ್ ಆಂಜೆನ್ಯೂ 1950ರಲ್ಲಿ ದಾರಿ ತೋರಿಸಿದರು. ಮಕ್ಕಳು ದುರ್ಬೀನನ್ನು ತಿರುಗಿಸಿ ಹಿಡಿದು ನೋಡುತ್ತಾರಲ್ಲ, ಹಾಗೆ. ಮುಂದೆ ಬೆಳಕನ್ನು ಹರಡುವ ದೊಡ್ಡ ಗಾಜು, ಹಿಂದೆ ಅದನ್ನು ಒಟ್ಟುಗೂಡಿಸುವ ಗಾಜುಗಳು. ಲೆನ್ಸ್ ದೂರ ನಿಂತರೂ ನೋಟ ಅಗಲ. ಟೆಕ್ನಿಕಲರ್ ಸಿನಿಮಾ ಕ್ಯಾಮೆರಾಗಳು ಮೊದಲೇ ಈ ತಂತ್ರ ಬಳಸಿದ್ದವು, ಅಲ್ಲಿ ಅಡ್ಡವಿದ್ದದ್ದು ಪ್ರಿಸಮ್. ಆಂಜೆನ್ಯೂ ತಮ್ಮ 35 ಮಿ.ಮೀ. ಲೆನ್ಸಿಗಿಟ್ಟ ‘ರೆಟ್ರೋಫೋಕಸ್’ ಎಂಬ ಹೆಸರು, ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ, ಆ ಜಾತಿಗೇ ಅಂಟಿತು.

ಇನ್ನುಳಿದದ್ದು ಲೆನ್ಸಿನ ಕಿಂಡಿ. ಎಫ್/16ಕ್ಕೆ ಕಿರಿದಾಗಿಸಿದರೆ ಎಫ್/2ರಲ್ಲಿ ಬರುವ ಬೆಳಕಿನ 64ನೇ ಒಂದು ಪಾಲಷ್ಟೇ ಒಳಬರುತ್ತದೆ, ನೋಟ ಮಬ್ಬು. ಕಿಂಡಿ ಪೂರ್ತಿ ತೆರೆದಿದ್ದು, ಗುಂಡಿ ಒತ್ತಿದ ಕ್ಷಣದಲ್ಲಿ ಮಾತ್ರ ಕಿರಿದಾಗುವ ಏರ್ಪಾಡು ಈ ದಶಕದಲ್ಲೇ ಹದಗೊಂಡಿತು.

1959ರ ನಿಕಾನ್ ಎಫ್‌ನಲ್ಲಿ ಇವೆಲ್ಲವೂ ಇದ್ದವು. ಆದರೆ ಅದೇ ವರ್ಷದ ಅದರ 21 ಮಿ.ಮೀ. ಲೆನ್ಸ್ ಮಾತ್ರ ರೆಟ್ರೋಫೋಕಸ್ ಅಲ್ಲ. ಅದರ ಹಿಂಬದಿ ಕ್ಯಾಮೆರಾದೊಳಕ್ಕೆ ಚಾಚಿಕೊಳ್ಳುತ್ತಿತ್ತು. ಅದನ್ನು ಹಾಕುವ ಮೊದಲು ಕನ್ನಡಿಯನ್ನು ಮೇಲೆತ್ತಿ ಬಂಧಿಸಿ, ಕ್ಯಾಮೆರಾದ ಮೇಲೆ ಬೇರೊಂದು ಪುಟ್ಟ ವ್ಯೂಫೈಂಡರ್ ಸಿಕ್ಕಿಸಿ, ಅದರಲ್ಲಿ ಕಣ್ಣಿಟ್ಟು ಫೋಟೊ ತೆಗೆಯಬೇಕಿತ್ತು.