ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ವರ್ಣಭೇದ: ವಿವಿಯನ್ ಥಾಮಸರ ನಿದರ್ಶನ

ಒಂದು ಸಂಸ್ಥೆಯಲ್ಲಿ ಯಾರು ಯಾವ ಕಾರ್ಯವನ್ನು ಮಾಡಿದರೆಂಬುದನ್ನು ತಿಳಿಯಲು ಇತಿಹಾಸದ ಅಭ್ಯಾಸಿಗಳಾದ ನಾವು ಮೊದಲು ಅರಸುವುದು ಅದರ ದಾಖಲೆಗಳನ್ನು. ಆದರೆ ಭೇದಭಾವವು ಬೇರೂರಿದ ಕಡೆ ನೇಮಕದ ಆದೇಶ, ಸಂಬಳದ ಪಟ್ಟಿ, ಪ್ರಕಟಿತ ಪ್ರಬಂಧ ಇವೇ ಆ ಭೇದದ ಸಾಧನಗಳಾಗಿ ಪರಿಣಮಿಸುತ್ತವೆ. ಅಮೆರಿಕದ ಶಸ್ತ್ರವೈದ್ಯದ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವೊಂದುಂಟು.

ವಿವಿಯನ್ ಥಾಮಸರು 1910ರಲ್ಲಿ ಜನಿಸಿ ನ್ಯಾಷ್‌ವಿಲ್ ನಗರದಲ್ಲಿ ಬೆಳೆದ ಕರಿಯ ಜನಾಂಗದವರು; ಬಡಗಿಯ ಮಗ. ಆರ್ಥಿಕ ಮುಗ್ಗಟ್ಟಿನಲ್ಲಿ ಬ್ಯಾಂಕು ಮುಳುಗಿ, ಕಾಲೇಜಿಗೆಂದು ಕೂಡಿಟ್ಟ ಹಣವೆಲ್ಲ ಹೋಯಿತು. 1930ರಲ್ಲಿ ಅವರು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಡಾ. ಆಲ್ಫ್ರೆಡ್ ಬ್ಲೇಲಾಕರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಅವರು ನಡೆಸುತ್ತಿದ್ದುದು ಸಂಶೋಧನೆ. ಸಂಬಳದ ಪಟ್ಟಿಯಲ್ಲಿ ಅವರಿಗಿದ್ದ ಹುದ್ದೆ ಜಾಡಮಾಲಿಯದು. 1941ರಲ್ಲಿ ಬ್ಲೇಲಾಕರು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೋದಾಗ ಥಾಮಸರನ್ನೂ ಜೊತೆಗೆ ಕರೆದೊಯ್ದರು.

ಹುಟ್ಟಿನಿಂದ ಬಂದ ಹೃದಯದೋಷದ ಕಾರಣ ಶ್ವಾಸಕೋಶಗಳಿಗೆ ಸಾಕಷ್ಟು ರಕ್ತವು ಹರಿಯದೆ ಮೈ ನೀಲಿಗಟ್ಟುವ ಮಕ್ಕಳ ಸಮಸ್ಯೆಯನ್ನು ಡಾ. ಹೆಲೆನ್ ಟಾಸಿಗ್ ಎಂಬ ಮಹಿಳೆ ಇವರ ಮುಂದಿಟ್ಟರು. ತೋಳಿಗೆ ಹೋಗುವ ರಕ್ತನಾಳವೊಂದನ್ನು ಶ್ವಾಸಕೋಶದ ರಕ್ತನಾಳಕ್ಕೆ ಹೊಲಿದು ಜೋಡಿಸುವ ವಿಧಾನವನ್ನು ಥಾಮಸರು ನಾಯಿಗಳ ಮೇಲೆ ಪ್ರಯೋಗಿಸಿ ಪಳಗಿದರು. 1944ರ ನವೆಂಬರ್ 29ರಂದು ಬ್ಲೇಲಾಕರು ಮೊದಲ ಬಾರಿಗೆ ಒಂದು ಶಿಶುವಿಗೆ ಈ ಚಿಕಿತ್ಸೆಯನ್ನು ಮಾಡಿದಾಗ, ಥಾಮಸರು ಅವರ ಬೆನ್ನ ಹಿಂದೆ ಕಾಲ್ಮಣೆಯೊಂದರ ಮೇಲೆ ನಿಂತು ಸಲಹೆ ನೀಡುತ್ತಿದ್ದರು. 1945ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬ್ಲೇಲಾಕ್ ಮತ್ತು ಟಾಸಿಗ್ ಇವರ ಹೆಸರುಗಳಿವೆ, ಥಾಮಸರ ಹೆಸರಿಲ್ಲ. ಚಿಕಿತ್ಸೆಗೂ ಆ ಇಬ್ಬರ ಹೆಸರೇ ನಿಂತಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಬ್ಲೇಲಾಕರಿಗೆ ಥಾಮಸರ ಮೇಲೆ ಅಪಾರವಾದ ವಿಶ್ವಾಸವಿತ್ತೆಂಬುದು ನಿರ್ವಿವಾದ. ಇಲ್ಲವಾದರೆ ಆ ಕಾಲ್ಮಣೆಗೆ ಅಲ್ಲಿ ಸ್ಥಳವೇ ಇರುತ್ತಿರಲಿಲ್ಲ. ಆದರೂ ಆ ವಿಶ್ವಾಸವು ಸಂಬಳದ ಪಟ್ಟಿಯನ್ನಾಗಲಿ ಪ್ರಬಂಧದ ಶಿರೋನಾಮೆಯನ್ನಾಗಲಿ ತಲುಪಲಿಲ್ಲ. ವ್ಯಕ್ತಿಗಳ ಸೌಜನ್ಯವೂ ಸಂಸ್ಥೆಯ ಭೇದವೂ ಒಂದೇ ಕೊಠಡಿಯಲ್ಲಿ ನೆಲೆಸಬಲ್ಲವು. ಒಂದರ ಇರವು ಮತ್ತೊಂದರ ಅಭಾವಕ್ಕೆ ಪ್ರಮಾಣವಲ್ಲ. ಸ್ವತಃ ಟಾಸಿಗರಿಗೂ ಹೆಸರು ದೊರೆತಿತೇ ಹೊರತು ಪೂರ್ಣ ಪ್ರಾಧ್ಯಾಪಕ ಪದವಿಯು ದೊರೆತುದು 1959ರಲ್ಲಿ. ಭೇದದ ಗೆರೆಗಳು ಅನೇಕ; ಒಂದನ್ನು ದಾಟಿದವರಿಗೆ ಇನ್ನೊಂದು ಅಡ್ಡಬರುತ್ತದೆ.

ಥಾಮಸರ ಕೈಕೆಳಗೆ ಪಳಗಿದ ಶಸ್ತ್ರವೈದ್ಯರು ಮುಂದೆ ಪ್ರಖ್ಯಾತರಾದರು. ಅವರ ಪ್ರಯತ್ನದಿಂದ 1971ರಲ್ಲಿ ಥಾಮಸರ ಭಾವಚಿತ್ರವು ಆ ಸಂಸ್ಥೆಗೆ ಅರ್ಪಿತವಾಯಿತು. 1976ರಲ್ಲಿ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಅದೂ ವೈದ್ಯಶಾಸ್ತ್ರದಲ್ಲಲ್ಲ, ನ್ಯಾಯಶಾಸ್ತ್ರದಲ್ಲಿ. 1985ರಲ್ಲಿ ಅವರು ತೀರಿಕೊಂಡರು. ಅವರ ಆತ್ಮಚರಿತ್ರೆಯು ಪ್ರಕಟವಾದುದೂ ಅದೇ ವರ್ಷ. ಈಚೆಗೆ ಅನೇಕ ವೈದ್ಯರು ಆ ಚಿಕಿತ್ಸೆಯ ಹೆಸರಿಗೆ ಥಾಮಸರ ಹೆಸರನ್ನೂ ಸೇರಿಸಿ ಬರೆಯುತ್ತಿದ್ದಾರೆ.

ಸಂಬಳದ ಪಟ್ಟಿಯೊಂದನ್ನೇ ನಂಬಿದ್ದರೆ ನಮಗೆ ಸಿಗುತ್ತಿದ್ದುದು ಒಬ್ಬ ಜಾಡಮಾಲಿ. ಪ್ರಬಂಧವೊಂದನ್ನೇ ನಂಬಿದ್ದರೆ ಆತನೂ ಸಿಗುತ್ತಿರಲಿಲ್ಲ. ಜೊತೆಯವರ ಸಾಕ್ಷ್ಯ ಹಾಗೂ ಆತ್ಮಚರಿತ್ರೆಗಳನ್ನು ದಾಖಲೆಯ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಕಾಲ್ಮಣೆಯ ಮೇಲೆ ನಿಂತವರು ಕಣ್ಣಿಗೆ ಬೀಳುತ್ತಾರೆ. ಯಾವುದೇ ಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಯು ದಾಖಲೆಯಲ್ಲಿ ಇರುವ ಹೆಸರುಗಳೊಡನೆ ಇರಬೇಕಾಗಿದ್ದ ಹೆಸರುಗಳನ್ನೂ ಅರಸುವುದು ಅವಶ್ಯ.