ಕಂಪ್ಯೂಟರುಗಳ ನಡುವಣ ಅಂಚೆ ಡಬ್ಬಿ

ರಾಮಣ್ಣನ ಖಾತೆಯಿಂದ ಐದು ಸಾವಿರ ರೂಪಾಯಿ ಕಳೆದ ಬ್ಯಾಂಕಿನ ಕಂಪ್ಯೂಟರು, ಇನ್ನೊಂದು ಬ್ಯಾಂಕಿನ ಕಂಪ್ಯೂಟರಿಗೆ ‘ಭೀಮಣ್ಣನ ಖಾತೆಗೆ ಇಷ್ಟು ಸೇರಿಸು’ ಎಂದು ತಿಳಿಸಬೇಕು. ಸರಿಯಾಗಿ ಆ ಹೊತ್ತಿಗೇ ಅತ್ತಲಿನ ಯಂತ್ರ ಕೆಟ್ಟು ನಿಂತಿದ್ದರೆ? ಇತ್ತ ಹಣ ಹೋಯಿತು, ಅತ್ತ ಸೇರಲಿಲ್ಲ!

ನೇರವಾಗಿ ಮಾತನಾಡುವ ತಂತ್ರಾಂಶಗಳ ಕಷ್ಟ ಟೆಲಿಫೋನಿನದೇ ಕಷ್ಟ. ಇಬ್ಬರೂ ಒಂದೇ ವೇಳೆಗೆ ಹಾಜರಿರಬೇಕು. ಕಾಗದಕ್ಕೆ ಆ ಹಂಗಿಲ್ಲ, ಡಬ್ಬಿಗೆ ಹಾಕಿದರಾಯಿತು. ಕಂಪ್ಯೂಟರುಗಳ ಪಾಲಿನ ಇಂಥ ಡಬ್ಬಿಯೇ ‘ಮೆಸೇಜ್ ಕ್ಯೂ’, ಅಂದರೆ ಸಂದೇಶಗಳ ಸರತಿ ಸಾಲು. ಐಬಿಎಂ ಕಂಪನಿ 1993ರಲ್ಲಿ ‘ಎಂಕ್ಯೂ ಸೀರೀಸ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಹೆಸರು ಬದಲಾದರೂ ಅದು ಬ್ಯಾಂಕುಗಳಲ್ಲಿ ಇಂದಿಗೂ ದುಡಿಯುತ್ತಿದೆ. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರ ಬಳಕೆಗೆ ಮುಕ್ತವಾದ ‘ಕಾಫ್ಕಾ’ ಕೂಡ ಇದೇ ಬಳಗದ್ದು. ಕಾದಂಬರಿಕಾರ ಫ್ರಾಂಜ್ ಕಾಫ್ಕಾನ ಹೆಸರು ತಂತ್ರಾಂಶಕ್ಕೆ ಬಂದದ್ದು ಒಂದು ತಮಾಷೆಯೇ.

ಬಂದ ಸಂದೇಶವನ್ನು ಕ್ಯೂ ಮೊದಲು ಡಿಸ್ಕಿನಲ್ಲಿ ಬರೆದಿಡುತ್ತದೆ. ಹೀಗಾಗಿ ವಿದ್ಯುತ್ ಹೋದರೂ ಅದು ಅಳಿಯದು. ಸ್ವೀಕರಿಸುವ ತಂತ್ರಾಂಶ ಅದನ್ನು ಪಡೆದು, ಕೆಲಸ ಮುಗಿಸಿ, ‘ಮುಟ್ಟಿತು’ ಎಂದು ರಶೀದಿ ಕೊಟ್ಟ ಮೇಲಷ್ಟೇ ಸಂದೇಶವನ್ನು ಸಾಲಿನಿಂದ ತೆಗೆಯಲಾಗುತ್ತದೆ. ರಶೀದಿ ಬಾರದಿದ್ದರೆ ಮತ್ತೆ ಅದೇ ಸಂದೇಶ ರವಾನೆ.

ತೊಡಕಿರುವುದು ಇಲ್ಲೇ. ಭೀಮಣ್ಣನ ಖಾತೆಗೆ ಹಣ ಸೇರಿತು, ಆದರೆ ರಶೀದಿ ಕೊಡುವ ಮುನ್ನವೇ ಯಂತ್ರ ನಿಂತಿತು ಎಂದಿಟ್ಟುಕೊಳ್ಳಿ. ಕೆಲಸವೇ ಆಗಲಿಲ್ಲವೋ, ಆಗಿಯೂ ರಶೀದಿ ಮಾತ್ರ ತಪ್ಪಿತೋ? ಕ್ಯೂಗೆ ಎರಡೂ ಒಂದೇ ರೀತಿ ಕಾಣುತ್ತವೆ. ಅದು ಸಂದೇಶವನ್ನು ಮತ್ತೆ ಕಳಿಸುತ್ತದೆ, ಭೀಮಣ್ಣನಿಗೆ ಹತ್ತು ಸಾವಿರ! ಕೈಗೆ ಕೊಟ್ಟೊಡನೆ ಅಳಿಸಿಬಿಡೋಣವೆಂದರೆ, ಕೆಲಸಕ್ಕೆ ಮುಂಚೆ ಯಂತ್ರ ಕೆಟ್ಟಾಗ ಅವನಿಗೆ ಏನೂ ಸಿಗದು. ಕಳೆದುಹೋಗುವುದಕ್ಕಿಂತ ಎರಡು ಸಲ ಬರುವುದೇ ವಾಸಿ ಎಂದು ಇಂಥ ಕಡೆ ತಂತ್ರಜ್ಞರು ಸಾಮಾನ್ಯವಾಗಿ ಮೊದಲನೆಯ ದಾರಿಯನ್ನೇ ಹಿಡಿಯುತ್ತಾರೆ.

ಪರಿಹಾರ ಹಳೆಯ ಗುಮಾಸ್ತರಿಗೂ ಗೊತ್ತಿದ್ದದ್ದೇ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ. ಹಣ ಜಮಾ ಮಾಡುವಾಗಲೇ ಆ ಸಂಖ್ಯೆಯೂ ಖಾತೆಯೊಡನೆ ದಾಖಲಾಗಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಅದೇ ಸಂಖ್ಯೆ ಮತ್ತೆ ಬಂದರೆ ಹಣ ಮುಟ್ಟದೆ ರಶೀದಿ ಮಾತ್ರ ಕೊಟ್ಟು ಕಳಿಸುವುದು. ಇದನ್ನು ಬರೆಯಬೇಕಾದವರು ಸ್ವೀಕರಿಸುವ ಕಡೆಯ ಪ್ರೋಗ್ರಾಮರುಗಳು. ‘ಕ್ಯೂ ಇದೆಯಲ್ಲ’ ಎಂದು ಅವರು ಸುಮ್ಮನಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನು ಕೆಲವು ಸಂದೇಶಗಳನ್ನು ಓದಿದಾಗಲೆಲ್ಲ ತಂತ್ರಾಂಶವೇ ಕುಸಿಯುವುದುಂಟು. ಅವು ಮತ್ತೆ ಮತ್ತೆ ಸಾಲಿನ ಮುಂದಕ್ಕೆ ಬಂದು ಹಿಂದಿನವನ್ನು ತಡೆಯುತ್ತವೆ. ಕೆಲವು ಯತ್ನಗಳ ನಂತರ ಅಂಥವನ್ನು ‘ಡೆಡ್ ಲೆಟರ್ ಕ್ಯೂ’ಗೆ ದಾಟಿಸುತ್ತಾರೆ. ವಾರಸುದಾರರಿಲ್ಲದ ಕಾಗದಗಳಿಗೆ ಅಂಚೆಯವರು ಇಟ್ಟಿದ್ದ ಹೆಸರಿದು. ಅಲ್ಲಿ ಬಿದ್ದದ್ದನ್ನು ತೆರೆದು ನೋಡಲು ಮನುಷ್ಯನೇ ಬರಬೇಕು. ಅಲ್ಲಿಯವರೆಗೆ ಭೀಮಣ್ಣನ ಹಣವೂ ಅಲ್ಲೇ.